ಹಾಲಿನ ಲೆಕ್ಕದ ಹಾಗೆ ಪಿಚ್ ಲೆಕ್ಕ: ಮಗನ ಮೊಣಕೈ ಜತೆ ನಮ್ಮ ಆರು ತಿಂಗಳು

ಮಗನ ಮೊಣಕೈ ಫೈಲ್ ಈಗ ಒಂದು ಇಂಚು ದಪ್ಪ ಆಗಿದೆ. ಎಕ್ಸ್‌ರೇ ಸೀಡಿ, ಎಂಆರ್‌ಐ ವರದಿ, ಇನ್ಶೂರೆನ್ಸ್‌ನವರು ‘ಆಗಲ್ಲ’ ಅಂತ ಬರೆದ ಕಾಗದ, ಫಿಸಿಯೋ ಕೊಟ್ಟ ಚಾರ್ಟು, ಕೊನೆಗೆ ‘ಇನ್ನು ಆಡಬಹುದು’ ಅನ್ನುವ ಒಂದೇ ಒಂದು ಹಾಳೆ. ಈ ಹಾಳೆ ಸಿಕ್ಕಿ ಇನ್ನೂ ಎರಡು ವಾರ ಆಗಿಲ್ಲ. ನೆನಪು ಹಸಿಯಾಗಿರುವಾಗಲೇ ಬರೆದುಬಿಡೋಣ ಅನ್ನಿಸಿತು. ಅಮೆರಿಕದಲ್ಲಿ ಮಕ್ಕಳನ್ನು ಬೇಸ್‌ಬಾಲ್‌ಗೆ ಸೇರಿಸಿರುವ ಕನ್ನಡದವರು ಈಗ ಜಾಸ್ತಿ ಆಗಿದ್ದಾರೆ. ನಮಗಂತೂ ಆಗ ಕೇಳೋಕೆ ಯಾರೂ ಇರಲಿಲ್ಲ.

ನಾವಿರುವುದು ಟೆಕ್ಸಸ್‌ನ ಡಾಲಸ್ ಹತ್ತಿರ. ನಾನು ಹಾಸನದವಳು, ನಮ್ಮನೆಯವರು ತಿಪಟೂರಿನ ಕಡೆಯವರು. ಇಬ್ಬರಿಗೂ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿರಲಿಲ್ಲ. ಮಗ ಎಂಟು ವರ್ಷಕ್ಕೆ ಬೇಸ್‌ಬಾಲ್ ಹಿಡಿದ, ಹತ್ತಕ್ಕೆ ಪಿಚರ್ ಆದ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಪಿಚರ್ ಅಂದರೆ ನಮ್ಮ ಬೌಲರ್ ಥರ, ಅವನು ಎಸೆಯುವ ಒಂದೊಂದು ಬಾಲೂ ಒಂದು ಪಿಚ್. ಆದರೆ ಓಡಿ ಬರುವುದಿಲ್ಲ, ಮೌಂಡ್ ಅನ್ನುವ ದಿಬ್ಬದ ಮೇಲೆ ನಿಂತ ಜಾಗದಿಂದಲೇ ಒಂದು ಹೆಜ್ಜೆ ಇಟ್ಟು ಎಸೆಯಬೇಕು. ಕೈ ನೇರ ಇರಬೇಕು ಅನ್ನುವ ನಿಯಮವೂ ಇಲ್ಲ. ಮೊಣಕೈ ಮಡಚಿ, ಮುಂಗೈಯನ್ನು ಹಿಂದಕ್ಕೆ ಬಾಗಿಸಿ, ಚಾಟಿ ಬೀಸಿದ ಹಾಗೆ ಬೀಸಬೇಕು. ಆರು ಬಾಲ್ ಆದ ಮೇಲೆ ಇನ್ನೊಬ್ಬರು ಬಂದು ಎಸೆಯುತ್ತಾರೆ ಅನ್ನುವುದೂ ಇಲ್ಲ. ಕೋಚ್ ಇಳಿಸುವವರೆಗೂ ಅವನೇ.

2024ರ ಅಕ್ಟೋಬರ್. ಎರಡನೇ ಭಾನುವಾರ. ಮಗನಿಗೆ ಆಗ 12 ವರ್ಷ. ಸಂಜೆ ಆಟ ಮುಗಿಸಿ ಮನೆಗೆ ಬಂದವನು ಬಲಗೈಯಲ್ಲಿ ಅನ್ನ ಕಲಸುತ್ತಾ ಕಲಸುತ್ತಾ ನಿಲ್ಲಿಸಿದ. ಎಡಗೈಯಲ್ಲಿ ಚಮಚ ತಗೊಂಡ. ನಾನು ನೋಡಿಯೂ ಸುಮ್ಮನಿದ್ದೆ. ತಲೆ ಬಾಚುವಾಗ ‘ಅಮ್ಮಾ, ಕೈ ಪೂರ್ತಿ ನೆಟ್ಟಗಾಗ್ತಿಲ್ಲ’ ಅಂದ. ಒಳಬದಿಯ ಮೊಣಕೈ ಮೂಳೆಯ ಮೇಲೆ ಬೆರಳಿಟ್ಟರೆ ಸಾಕು, ಮುಖ ಹಿಂಡುತ್ತಿದ್ದ.

‘ಯಾವಾಗಿಂದ ನೋವು?’ ಅಂದೆ. ‘ನೋವಿರಲಿಲ್ಲ, ಸುಸ್ತಾಗ್ತಿತ್ತು ಅಷ್ಟೆ’ ಅಂದ. ಎಷ್ಟು ದಿನದಿಂದ? ಆಗಸ್ಟ್‌ನಿಂದ.

ಈ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಪ್ರತಿ ಆಟ ಮುಗಿದ ಮೇಲೆ ಕಾರಿನಲ್ಲಿ ‘ಕೈ ನೋವಾ?’ ಅಂತ ತಪ್ಪದೆ ಕೇಳುತ್ತಿದ್ದೆ. ‘ಇಲ್ಲ’ ಅನ್ನುತ್ತಿದ್ದ. ಸುಳ್ಳಲ್ಲ ಅದು. ‘ಸುಸ್ತಾಯ್ತಾ?’ ಅಂತ ಕೇಳಿದ್ದರೆ ಎರಡು ತಿಂಗಳು ಮೊದಲೇ ಗೊತ್ತಾಗುತ್ತಿತ್ತು. ಆಮೇಲೆ ಮೂಳೆ ಡಾಕ್ಟರ ಬಾಯಲ್ಲಿ ಕೇಳಿದ್ದು: ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್‌ನವರು ಹದಿಹರೆಯದ ಪಿಚರ್‌ಗಳ ಮೇಲೆ ಮಾಡಿದ ಅಧ್ಯಯನ 2006ರಲ್ಲಿ ಬಂತು. ದಣಿದ ಕೈಯಲ್ಲೇ ಮತ್ತೆ ಮತ್ತೆ ಎಸೆಯುತ್ತಿದ್ದವರಲ್ಲಿ ಸರ್ಜರಿ ಬೇಕಾಗುವ ಸಾಧ್ಯತೆ 36 ಪಟ್ಟು ಹೆಚ್ಚಿತ್ತಂತೆ. ವರ್ಷಕ್ಕೆ 8 ತಿಂಗಳಿಗಿಂತ ಜಾಸ್ತಿ ಆಡಿದವರಲ್ಲಿ 5 ಪಟ್ಟು, ಒಂದು ಆಟಕ್ಕೆ 80ಕ್ಕಿಂತ ಜಾಸ್ತಿ ಪಿಚ್ ಎಸೆದವರಲ್ಲಿ 4 ಪಟ್ಟು. ಮೂರರಲ್ಲಿ ದಣಿವಿನದ್ದೇ ದೊಡ್ಡ ಅಂಕಿ. ನಾವು ಅದೊಂದನ್ನೇ ಕೇಳಿರಲಿಲ್ಲ.

ಮಂಗಳವಾರ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಐದು ನಿಮಿಷ ನೋಡಿ, ‘ಎಸೆಯೋದು ಪೂರ್ತಿ ನಿಲ್ಲಿಸಿ, ಮಕ್ಕಳ ಸ್ಪೋರ್ಟ್ಸ್ ಮೂಳೆ ಡಾಕ್ಟರಿಗೆ ತೋರಿಸಿ’ ಅಂತ ರೆಫರಲ್ ಬರೆದರು. ಫೋನ್ ಮಾಡಿದರೆ ಮೂರು ವಾರ ಆದ ಮೇಲೆ ಅಪಾಯಿಂಟ್‌ಮೆಂಟ್. ಇಲ್ಲಿ ಒಂದು ಉಪಾಯ: ಸಿಕ್ಕಿದ ತಾರೀಕು ಬುಕ್ ಮಾಡಿಕೊಂಡು, ಕ್ಯಾನ್ಸಲೇಶನ್ ಪಟ್ಟಿಯಲ್ಲಿ ಹೆಸರು ಹಾಕಿಸಿ, ದಿನಾ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿ. ನನಗೆ ಒಂಬತ್ತನೇ ದಿನ ಸಿಕ್ಕಿತು. ರಿಸೆಪ್ಷನ್ ಹುಡುಗಿಗೆ ನನ್ನ ಧ್ವನಿಯೇ ಗುರುತಾಗಿಬಿಟ್ಟಿತ್ತು.

ಆ ಒಂಬತ್ತು ದಿನ ನಾನು ರಾತ್ರಿಯೆಲ್ಲಾ ಮೊಬೈಲ್ ಹಿಡಿದು ಓದಿದ್ದೇ ಓದಿದ್ದು. ಬೇಸ್‌ಬಾಲ್ ಮೊಣಕೈ ಅಂತ ಹುಡುಕಿದರೆ ಮೊದಲು ಬರುವುದೇ ಟಾಮಿ ಜಾನ್ ಸರ್ಜರಿ. 1974ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಪಿಚರ್ ಟಾಮಿ ಜಾನ್‌ಗೆ ಮೊಣಕೈ ಒಳಬದಿಯ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಹಿಡಿದಿಡುವ ನಾರು, ಹರಿದಿತ್ತು. ಡಾಕ್ಟರ್ ಫ್ರಾಂಕ್ ಜೋಬ್ ಅವರು ಇನ್ನೊಂದು ಕೈಯಿಂದ ಸ್ನಾಯುರಜ್ಜು ತೆಗೆದು ಇಲ್ಲಿಗೆ ಕಟ್ಟಿದರು. ಆತ 1976ರಲ್ಲಿ ವಾಪಸ್ ಬಂದು 1989ರವರೆಗೂ ಆಡಿದ. ಓದುವಾಗ ಚೆನ್ನಾಗಿದೆ. ಆದರೆ ನನ್ನ ಹನ್ನೆರಡು ವರ್ಷದ ಕೂಸಿನ ಕೈಯನ್ನು ನೆನೆಸಿಕೊಂಡು ಓದಿದರೆ ನಿದ್ದೆ ಹತ್ತುವುದಿಲ್ಲ. ಅದರ ಮೇಲೆ ನಮ್ಮ ಮಗನಿಗೆ ದೇವರ ಸಮಾನನಾದ, ಟೆಕ್ಸಸ್ ರೇಂಜರ್ಸ್ ತಂಡದ ಪಿಚರ್ ಜೇಕಬ್ ಡಿಗ್ರಾಮ್‌ಗೆ ಈ ಸರ್ಜರಿ ಎರಡು ಸಲ ಆಗಿದೆ. ಎರಡನೆಯದು 2023ರಲ್ಲಿ. ಆತ ಮತ್ತೆ ಮೌಂಡ್ ಹತ್ತಿದ್ದು 2024ರ ಸೆಪ್ಟೆಂಬರ್‌ನಲ್ಲಿ, ಅಂದರೆ ನಮ್ಮ ಕಥೆ ಶುರುವಾಗುವ ಹಿಂದಿನ ತಿಂಗಳಷ್ಟೆ. ಮಗ ಆರಾಮಾಗಿ, ‘ಡಿಗ್ರಾಮ್ ಮಾಡಿಸಿಕೊಂಡ, ನಾನೂ ಮಾಡಿಸಿಕೊಳ್ತೀನಿ’ ಅಂದ. ಎದೆ ಧಸಕ್ಕಂತು. ತಂಡದ ಒಬ್ಬ ಅಪ್ಪನಂತೂ ಸರ್ಜರಿ ಆದ ಮೇಲೆ ಇನ್ನೂ ಜೋರಾಗಿ ಎಸೀತಾರೆ ಅಂತ ಸಮಾಧಾನ ಹೇಳಿದರು. ದಯವಿಟ್ಟು ಇದನ್ನು ನಂಬಬೇಡಿ. ಸರ್ಜರಿಯಿಂದ ಯಾರ ಕೈಗೂ ಹೊಸ ಜೋರು ಬರುವುದಿಲ್ಲ. ವರ್ಷಗಟ್ಟಲೆ ಮಾಡುವ ವ್ಯಾಯಾಮದಿಂದ ಬಂದರೆ ಬರಬೇಕು.

ಮೂಳೆ ಡಾಕ್ಟರು ಎರಡೂ ಮೊಣಕೈಗಳ ಎಕ್ಸ್‌ರೇ ತೆಗೆಸಿದರು. ‘ನೋವಿಲ್ಲದ ಕೈಗೆ ಯಾಕೆ ದುಡ್ಡು?’ ಅಂತ ನಮ್ಮನೆಯವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಅದಕ್ಕೆ ಕಾರಣ ಇದೆ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಗ್ರೋತ್ ಪ್ಲೇಟ್ ಅಂತ ಮೆತ್ತನೆಯ ಪಟ್ಟಿ ಇರುತ್ತದೆ, ಎಕ್ಸ್‌ರೇಯಲ್ಲಿ ಕಪ್ಪು ಗೆರೆ ಥರ ಕಾಣುತ್ತದೆ. ಆ ಗೆರೆ ಸಹಜವಾಗಿ ಇರುವುದೋ, ಎಳೆದು ಎಳೆದು ಅಗಲವಾಗಿರುವುದೋ ಅಂತ ತಿಳಿಯಬೇಕಾದರೆ ಇನ್ನೊಂದು ಕೈ ಪಕ್ಕದಲ್ಲಿಟ್ಟು ನೋಡಬೇಕು. ಪಕ್ಕದಲ್ಲಿಟ್ಟರು. ನನಗೂ ಕಾಣಿಸಿತು. ಬಲಗೈಯ ಗೆರೆ ಎಡಗೈಯದಕ್ಕಿಂತ ಅಗಲ.

ಇದಕ್ಕೆ ಇಲ್ಲಿ ಎಲ್ಲರೂ ಕರೆಯುವುದು ಲಿಟಲ್ ಲೀಗ್ ಎಲ್ಬೋ ಅಂತ. ಡಾಕ್ಟರು ವಿವರಿಸಿದ್ದು ಹೀಗೆ: ಎಸೆಯುವಾಗ ಮುಂಗೈ ಹಿಂದಕ್ಕೆ ಬಿದ್ದಿರುವ ಗಳಿಗೆಯಲ್ಲಿ ಮೊಣಕೈಯ ಒಳಬದಿ ಬಾಯಿ ತೆರೆಯುವ ಹಾಗೆ ಎಳೆತ ಬೀಳುತ್ತದೆ. ದೊಡ್ಡವರಲ್ಲಿ ಆ ಎಳೆತಕ್ಕೆ ಲಿಗಮೆಂಟ್ ಹರಿಯುತ್ತದೆ. ಮಕ್ಕಳಲ್ಲಿ ಲಿಗಮೆಂಟ್‌ಗಿಂತ ಗ್ರೋತ್ ಪ್ಲೇಟೇ ದುರ್ಬಲ. ಹಾಗಾಗಿ ಮೊದಲು ಅದು ಸೋಲುತ್ತದೆ. ‘ಬೇಗ ಬಂದಿದ್ದೀರಿ. ಇದು ವಿಶ್ರಾಂತಿಯಲ್ಲೇ ಕೂಡಿಕೊಳ್ಳುತ್ತೆ’ ಅಂದರು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ತಡ ಮಾಡಿದ ನಮಗೆ ‘ಬೇಗ’ ಅನ್ನುವ ಮಾತು ಕೇಳಿ ನಾಚಿಕೆಯೇ ಆಯಿತು.

ಆಮೇಲೆ ಒಂದು ಪ್ರಶ್ನೆ ಕೇಳಿದರು. ‘ಈ ವರ್ಷ ಒಟ್ಟು ಎಷ್ಟು ಇನಿಂಗ್ಸ್ ಪಿಚ್ ಮಾಡಿದ್ದಾನೆ?’

ಕ್ರಿಕೆಟ್ ಇನಿಂಗ್ಸ್ ಅಲ್ಲ ಇದು, ಎದುರಿನ ತಂಡದ ಮೂವರು ಔಟಾದರೆ ಪಿಚರ್‌ಗೆ ಒಂದು ಇನಿಂಗ್ಸ್ ಮುಗಿದ ಹಾಗೆ. ನಾನು ನಮ್ಮನೆಯವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಮಗನ ಗಣಿತದ ಮಾರ್ಕ್ಸ್ ನನಗೆ ಬಾಯಿಪಾಠ. ಇದು ಗೊತ್ತಿಲ್ಲ.

ಅವತ್ತು ರಾತ್ರಿ ಊಟದ ಮೇಜಿನ ಮೇಲೆ ಕೂತು ಎರಡು ತಂಡಗಳ ಸ್ಕೋರ್ ಆಪ್ ತೆರೆದು ಕೂಡಿಸಿದೆವು. ಮಗ ಊರಿನ ಲೀಗ್ ತಂಡಕ್ಕೂ ಆಡುತ್ತಿದ್ದ, ದುಡ್ಡು ಕೊಟ್ಟು ಸೇರುವ ಟ್ರಾವೆಲ್ ತಂಡಕ್ಕೂ ಆಡುತ್ತಿದ್ದ. ವಸಂತದಲ್ಲಿ ಒಂದು ಕಡೆ 46 ಅಡಿಯಿಂದ ಎಸೆಯಬೇಕು, ಇನ್ನೊಂದು ಕಡೆ 50 ಅಡಿಯಿಂದ. ಟೆಕ್ಸಸ್‌ನಲ್ಲಿ ಚಳಿ ಕಡಿಮೆ, ಹಾಗಾಗಿ ಆಟ ನಿಲ್ಲುವುದೇ ಇಲ್ಲ. ಫೆಬ್ರವರಿಯಿಂದ ಅಕ್ಟೋಬರ್, ಒಂಬತ್ತು ತಿಂಗಳು. ಒಟ್ಟು 97 ಇನಿಂಗ್ಸ್ ಬಂತು. ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ 2014ರಲ್ಲಿ ಹೊರತಂದ ‘ಪಿಚ್ ಸ್ಮಾರ್ಟ್’ ಮಾರ್ಗಸೂಚಿಯಲ್ಲಿ 9ರಿಂದ 12 ವರ್ಷದ ಮಕ್ಕಳಿಗೆ ಹನ್ನೆರಡು ತಿಂಗಳಲ್ಲಿ 80 ಇನಿಂಗ್ಸ್ ಮೀರಬಾರದು ಅಂತ ಇದೆ. ವರ್ಷಕ್ಕೆ ಕನಿಷ್ಠ 4 ತಿಂಗಳು ಎಸೆಯುವುದಕ್ಕೆ ಪೂರ್ತಿ ರಜ ಅಂತಲೂ ಇದೆ.

ಅದಕ್ಕಿಂತ ಹೊಟ್ಟೆ ಉರಿದದ್ದು ಆ ಕೊನೆಯ ವಾರಾಂತ್ಯದ ಲೆಕ್ಕ ನೋಡಿ. ಶನಿವಾರ ಲೀಗ್ ತಂಡಕ್ಕೆ 68 ಪಿಚ್. ಭಾನುವಾರ ಟ್ರಾವೆಲ್ ತಂಡಕ್ಕೆ 41. ನಡುವೆ ಮೂರು ಇನಿಂಗ್ಸ್ ಕ್ಯಾಚರ್. ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಥರ. ಸುಮ್ಮನೆ ಕೂತಿರುವವನು ಅಂದುಕೊಳ್ಳಬೇಡಿ, ಪ್ರತಿ ಬಾಲನ್ನೂ ಪಿಚರ್‌ಗೆ ವಾಪಸ್ ಎಸೆಯಬೇಕು. ಈ ವಯಸ್ಸಿಗೆ ಒಂದು ದಿನಕ್ಕೆ 85 ಪಿಚ್ ಮಿತಿ. 66 ಮುಟ್ಟಿದರೆ ಮುಂದಿನ 4 ದಿನ ಪಿಚಿಂಗ್ ಇಲ್ಲ. ಪ್ರತಿ ಕೋಚ್ ಕೂಡ ತನ್ನ ಪುಸ್ತಕದ ಪ್ರಕಾರ ಸರಿಯಾಗೇ ಇದ್ದರು. ಶನಿವಾರದ ಕೋಚ್‌ಗೆ 68, ಮಿತಿಯೊಳಗೆ. ಭಾನುವಾರದ ಕೋಚ್‌ಗೆ 41, ಅದೂ ಮಿತಿಯೊಳಗೆ. ಎರಡೂ ಪುಸ್ತಕ ಒಟ್ಟಿಗೆ ನೋಡಬಹುದಾಗಿದ್ದವರು ಇಡೀ ಮೈದಾನದಲ್ಲಿ ಇಬ್ಬರೇ, ನಾನು ಮತ್ತು ನಮ್ಮನೆಯವರು. ನಾವು ಕಿತ್ತಳೆ ಸುಲಿದು ಹಂಚುತ್ತಾ ಕೂತಿದ್ದೆವು.

ನಾನು ಅಲ್ಲಿಯವರೆಗೆ ಕರ್ವ್‌ಬಾಲ್, ಅಂದರೆ ಬಾಗಿ ಹೋಗುವ ಬಾಲ್, ಎಸೆಯುವುದನ್ನು ಕಲಿತದ್ದೇ ತಪ್ಪಾಯಿತು ಅಂದುಕೊಂಡಿದ್ದೆ. ಎಲ್ಲರೂ ಹಾಗೇ ಹೇಳುತ್ತಾರೆ. ಡಾಕ್ಟರು ಒಪ್ಪಲಿಲ್ಲ. ಲ್ಯಾಬ್‌ನಲ್ಲಿ ಅಳೆದಾಗ ಮಕ್ಕಳಲ್ಲಿ ಫಾಸ್ಟ್‌ಬಾಲೇ ಮೊಣಕೈಗೆ ಜಾಸ್ತಿ ಭಾರ ಹಾಕಿದೆಯಂತೆ, ಬೇಕೆಂದೇ ನಿಧಾನ ಎಸೆಯುವ ಚೇಂಜ್‌ಅಪ್ ಕಡಿಮೆ. ‘ಯಾವ ಬಾಲ್ ಅನ್ನೋದಕ್ಕಿಂತ ಎಷ್ಟು ಬಾಲ್ ಅಂತ ನೋಡಿ’ ಅಂದರು.

ಇನ್ನು ಎಂಆರ್‌ಐ ಪುರಾಣ. ಮೂಳೆಯ ಚೂರು ಏನಾದರೂ ಬಿಟ್ಟಿದೆಯೋ, ಲಿಗಮೆಂಟ್‌ಗೂ ಏಟಾಗಿದೆಯೋ ಅಂತ ನೋಡಬೇಕಿತ್ತು. ಇನ್ಶೂರೆನ್ಸ್‌ನಿಂದ ಮುಂಚಿತ ಒಪ್ಪಿಗೆ ಬೇಕು. ಎಂಟು ದಿನ ಕಾದ ಮೇಲೆ ಪತ್ರ ಬಂತು: ಮೊದಲು ಆರು ವಾರ ಫಿಸಿಯೋ ಮಾಡಿಸಿ, ಆಮೇಲೆ ನೋಡೋಣ. ಕೂಡಿಕೊಳ್ಳದ ಮೂಳೆ ಇದ್ದರೆ ಆರು ವಾರ ಎಳೆಸಿ ನೋಡಬೇಕಾ? ನಮ್ಮ ಡಾಕ್ಟರು ಇನ್ಶೂರೆನ್ಸ್‌ನವರ ಡಾಕ್ಟರ ಜತೆ ಫೋನಲ್ಲಿ ಮಾತಾಡಿದರೆ ಆಗಬಹುದು ಅಂದರು, ಆ ಫೋನಿಗೆ ಇನ್ನೊಂದು ವಾರ. ಕೊನೆಗೆ ಸ್ಕ್ಯಾನಿಂಗ್ ಸೆಂಟರ್ ಒಂದಕ್ಕೆ ನಾನೇ ಫೋನ್ ಮಾಡಿ, ‘ಇನ್ಶೂರೆನ್ಸ್ ಇಲ್ಲದೆ ಕೈಯಿಂದ ಕೊಟ್ಟರೆ ಎಷ್ಟು?’ ಅಂತ ಕೇಳಿದೆ. 475 ಡಾಲರ್. ಆಸ್ಪತ್ರೆಯಲ್ಲಿ ಇದೇ ಎಂಆರ್‌ಐಗೆ ಇನ್ಶೂರೆನ್ಸ್ ಲೆಕ್ಕದಲ್ಲಿ 2,000 ದಾಟುತ್ತಿತ್ತು, ನಮ್ಮ ಡಿಡಕ್ಟಿಬಲ್ (ಇನ್ಶೂರೆನ್ಸ್‌ನವರು ಕೊಡಲು ಶುರುಮಾಡುವ ಮೊದಲು ಪ್ರತಿ ವರ್ಷ ನಾವೇ ಕೊಡಬೇಕಾದ ಮೊತ್ತ) ಮುಗಿಯದ ಕಾರಣ ಪೂರ್ತಿ ನಮ್ಮ ಜೇಬಿಂದಲೇ. ಹಾಗಾಗಿ ಕೇಳಿ ನೋಡಿ, ನಾಚಿಕೆ ಬೇಡ. ಒಂದೇ ತೊಂದರೆ: ಹೀಗೆ ಕೊಟ್ಟ ದುಡ್ಡು ಡಿಡಕ್ಟಿಬಲ್ ಲೆಕ್ಕಕ್ಕೆ ತಾನಾಗಿ ಸೇರುವುದಿಲ್ಲ. ರಸೀದಿ ಇಟ್ಟುಕೊಳ್ಳಿ. ಚಿತ್ರಗಳ ಸೀಡಿ ಅಲ್ಲೇ ಕೇಳಿ ತಗೊಳ್ಳಿ. ನಾನು ಮರೆತು ಬಂದು ಮತ್ತೆ ನಲವತ್ತು ನಿಮಿಷ ಕಾರು ಓಡಿಸಿದೆ.

ಮೊಣಕೈ ಎಂಆರ್‌ಐಗೆ ಹೊಟ್ಟೆ ಮೇಲೆ ಮಲಗಿ, ಕೈಯನ್ನು ತಲೆಯ ಮೇಲೆ ಮುಂದಕ್ಕೆ ಚಾಚಿ, ಸೂಪರ್‌ಮ್ಯಾನ್ ಹಾರುವ ಭಂಗಿಯಲ್ಲಿ ಅಲುಗಾಡದೆ ಇರಬೇಕು. ಮಗನಿಗೆ ಮೊದಲ ಐದು ನಿಮಿಷ ತಮಾಷೆ, ಆಮೇಲೆ ಭುಜ ಹಿಡಿದುಕೊಂಡು ಕಣ್ಣಲ್ಲಿ ನೀರು. ಚಿಕ್ಕ ಮಕ್ಕಳಿದ್ದರೆ ಹಿಂದಿನ ದಿನ ಮನೆಯಲ್ಲೇ ಹಾಗೆ ಮಲಗಿಸಿ ಅಭ್ಯಾಸ ಮಾಡಿಸಿ.

ಲಿಗಮೆಂಟ್ ಚೆನ್ನಾಗಿತ್ತು. ಚೂರು ಬಿಟ್ಟಿರಲಿಲ್ಲ. ಡಿಸೆಂಬರ್ ಕೊನೆಯವರೆಗೆ ಏನನ್ನೂ ಎಸೆಯಬಾರದು ಅಂದರು. ಬೇಸ್‌ಬಾಲ್ ಮಾತ್ರ ಅಲ್ಲ. ಕೈಯಲ್ಲಿ ಎಸೆಯುವ ಅಮೆರಿಕದ ಫುಟ್‌ಬಾಲ್, ಕಲ್ಲು, ದಿಂಬು ಯಾವುದೂ ಇಲ್ಲ. ಸ್ಕೂಲಿನ ಪೀಟಿ ಕ್ಲಾಸಿಗೆ ಬೇರೆ ಪತ್ರ ಬೇಕು, ತಂಡಕ್ಕೆ ಕೊಟ್ಟ ಪತ್ರ ಅಲ್ಲಿ ನಡೆಯಲ್ಲ. ಇದು ಗೊತ್ತಿಲ್ಲದೆ ಪೀಟಿಯಲ್ಲಿ ಎರಡು ದಿನ ಡಾಡ್ಜ್‌ಬಾಲ್, ಅಂದರೆ ಎದುರಿನವರಿಗೆ ಬಾಲಿನಿಂದ ಹೊಡೆಯುವ ಆಟ, ಆಡಿಬಿಟ್ಟ. ಟ್ರಾವೆಲ್ ತಂಡಕ್ಕೆ ಕಟ್ಟಿದ್ದ 1,400 ಡಾಲರ್ ವಾಪಸ್ ಇಲ್ಲ ಅಂದರು. ಸಹಿ ಹಾಕಿದ ಕಾಗದದಲ್ಲಿ ಹಾಗೇ ಇತ್ತು, ನಾವು ಓದಿರಲಿಲ್ಲ.

ಫಿಸಿಯೋ ಮೊದಲ ದಿನ ಮೊಣಕೈ ಮುಟ್ಟಲೇ ಇಲ್ಲ. ಮಗನನ್ನು ಒಂಟಿ ಕಾಲಲ್ಲಿ ನಿಲ್ಲಿಸಿ, ಹಾಗೇ ಅರ್ಧ ಕೂರು ಅಂದರು. ಮಂಡಿ ಒಳಗೆ ವಾಲಿ, ಸೊಂಟ ಒಂದು ಕಡೆ ಜೋತುಬಿತ್ತು. ಎರಡನೇ ಸಲ ಬಿದ್ದೇಬಿಟ್ಟ. ‘ಇವನ ಮೊಣಕೈ ಇಲ್ಲಿಂದ ನೋಯ್ತಿದೆ’ ಅಂತ ಸೊಂಟ ತೋರಿಸಿದರು. ನಾನು ನಂಬಲಿಲ್ಲ.

ನಂಬಿಕೆ ಬಂದದ್ದು ವಿಡಿಯೋ ನೋಡಿದ ಮೇಲೆ. ಈಗ ಎಸೆಯುವ ಹಾಗಿಲ್ಲವಲ್ಲ, ಆದ್ದರಿಂದ ಸೆಪ್ಟೆಂಬರ್‌ನಲ್ಲಿ ನಮ್ಮನೆಯವರು ಫೋನಲ್ಲಿ ನಿಧಾನ ಚಲನೆಯಲ್ಲಿ ತೆಗೆದಿದ್ದ ವಿಡಿಯೋಗಳನ್ನೇ ಅವರು ಒಂದೊಂದು ಚಿತ್ರವಾಗಿ ನಿಲ್ಲಿಸಿ ತೋರಿಸಿದರು. (ನಿಮ್ಮ ಮಗುವಿನದ್ದು ಈಗಲೇ ತೆಗೆದಿಟ್ಟುಕೊಳ್ಳಿ. ಬಲಗೈಯವರಾದರೆ ಮೂರನೇ ಬೇಸ್ ಕಡೆಯಿಂದ ಒಂದು, ಹಿಂದಿನಿಂದ ಒಂದು.) ಮುಂದಿನ ಕಾಲು ನೆಲಕ್ಕೆ ತಾಗುವ ಗಳಿಗೆಗೆ ನಿಲ್ಲಿಸಿದರು. ಆ ಹೊತ್ತಿಗೆ ಎಸೆಯುವ ಕೈ ಮೇಲೆದ್ದು, ಮೊಣಕೈ ಹೆಚ್ಚೂಕಮ್ಮಿ ಭುಜದ ಮಟ್ಟಕ್ಕೆ ಬಂದಿರಬೇಕು. ಎದೆ ಇನ್ನೂ ಪಕ್ಕಕ್ಕೆ ತಿರುಗಿರಬೇಕು. ಮಗನ ಕೈ ಇನ್ನೂ ಸೊಂಟದ ಹತ್ತಿರವೇ ಇತ್ತು, ಎದೆ ಆಗಲೇ ಬ್ಯಾಟರ್ ಕಡೆ ತೆರೆದುಕೊಂಡಿತ್ತು. ಮೈ ಮುಂದೆ ಹೋಗಿದೆ, ಕೈ ಹಿಂದೆ ಉಳಿದಿದೆ. ಹಿಂದೆ ಉಳಿದ ಕೈಯನ್ನು ಎಳೆದು ತರುವ ಕೆಲಸ ಮೊಣಕೈಯ ಒಳಬದಿಗೆ ಬೀಳುತ್ತದೆ. ಹೆಜ್ಜೆಯೂ ಚಿಕ್ಕದು. ಮಗ 61 ಇಂಚು ಎತ್ತರ, ಹೆಜ್ಜೆ 42 ಇಂಚು. ಎತ್ತರದ ನೂರಕ್ಕೆ ಎಂಬತ್ತರಷ್ಟಾದರೂ ಇದ್ದರೆ ಒಳ್ಳೆಯದು ಅಂದರು. ಆ ವರ್ಷ ಮೂರೂವರೆ ಇಂಚು ಬೆಳೆದಿದ್ದ. ಕಾಲು ಉದ್ದ ಆಯಿತು, ಹೆಜ್ಜೆ ಹಳೆಯದೇ ಉಳಿಯಿತು.

ನನಗೆ ಅರ್ಥವಾದದ್ದು ನಮ್ಮಜ್ಜಿ ಬಟ್ಟೆ ಒಗೆಯುತ್ತಿದ್ದದ್ದು ನೆನಪಾಗಿ. ಒದ್ದೆ ಸೀರೆಯನ್ನು ಎತ್ತಿ ಕಲ್ಲಿಗೆ ಬಡಿಯುವಾಗ ಅಜ್ಜಿ ಕೈಯಿಂದ ಬಡಿಯುತ್ತಿರಲಿಲ್ಲ. ಕಾಲು ಅಗಲಿಸಿ ಊರಿ, ಸೊಂಟದಿಂದ ಎತ್ತಿ, ಬೆನ್ನು ತಿರುಗಿಸಿ, ಕೊನೆಗೆ ಕೈ. ಅಷ್ಟು ಭಾರದ ಸೀರೆ ಹಗುರಾಗಿ ಹಾರಿ ಬಂದು ಬೀಳುತ್ತಿತ್ತು. ನಾನು ಬರೀ ಕೈಯಲ್ಲಿ ಎತ್ತಲು ಹೋಗಿ ಎರಡೇ ಏಟಿಗೆ ತೋಳು ಹಿಡಿದುಕೊಳ್ಳುತ್ತಿದ್ದೆ. ಪಿಚಿಂಗ್ ಕೂಡ ಅದೇ. ನೆಲದಿಂದ ಕಾಲಿಗೆ, ಕಾಲಿಂದ ಸೊಂಟಕ್ಕೆ, ಸೊಂಟದಿಂದ ಎದೆಗೆ, ಎದೆಯಿಂದ ಭುಜಕ್ಕೆ ಶಕ್ತಿ ದಾಟಿ ಬರಬೇಕು. ದೊಡ್ಡ ಪಿಚರ್‌ಗಳ ಭುಜ ಸೆಕೆಂಡಿಗೆ 7,000 ಡಿಗ್ರಿ ವೇಗದಲ್ಲಿ ತಿರುಗುತ್ತದಂತೆ. ಅಷ್ಟನ್ನೂ ಬರೀ ತೋಳಿನಿಂದ ಹುಟ್ಟಿಸಲು ಯಾರಿಗೂ ಆಗಲ್ಲ. ಕೆಳಗಿನ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಆ ಸಾಲವನ್ನು ಮೊಣಕೈ ತೀರಿಸಬೇಕು.

ಹಾಗಾಗಿ ನವೆಂಬರ್, ಡಿಸೆಂಬರ್ ಪೂರ್ತಿ ಕಾಲು, ಸೊಂಟ, ಹೊಟ್ಟೆ, ಬೆನ್ನಿನ ರೆಕ್ಕೆ ಮೂಳೆಯ ಸುತ್ತಿನ ಸ್ನಾಯುಗಳು. ಪಕ್ಕಕ್ಕೆ ಮಲಗಿ ಎರಡು ಪೌಂಡ್ ಡಂಬೆಲ್ ಎತ್ತುವುದು, ರಬ್ಬರ್ ಬ್ಯಾಂಡ್ ಎಳೆಯುವುದು, ಬೋರಲು ಮಲಗಿ ಕೈ ಪಕ್ಕಕ್ಕೆ ಚಾಚಿ ಎತ್ತುವುದು, ಒಂಟಿ ಕಾಲಲ್ಲಿ ಕೂತು ಏಳುವುದು. ವಾರಕ್ಕೆ ಎರಡು ಸಲ ಅಲ್ಲಿ, ಉಳಿದ ದಿನ ಮನೆಯಲ್ಲಿ. ನೋಡಲು ಭಾರಿ ಬೋರು. ಮಗ ಅತ್ತ, ರೇಗಿದ, ಒಂದು ದಿನ ಬ್ಯಾಂಡನ್ನೇ ಕಿಟಕಿಯಿಂದ ಆಚೆ ಬಿಸಾಡಿದ. ಎಡಗೈಯಲ್ಲಿ ಬಿಸಾಡಿದೆ ಅಂತ ಆಣೆ ಮಾಡಿದ.

ಡಿಸೆಂಬರ್‌ನಲ್ಲಿ ತಮ್ಮನ ಮದುವೆಗೆ ಮೂರು ವಾರ ಹಾಸನಕ್ಕೆ ಹೋದೆವು. ಅದೇ ನಿಜವಾದ ಪರೀಕ್ಷೆ. ಅಮ್ಮ ಫೋನಲ್ಲೇ ಶುರುಮಾಡಿದ್ದಳು, ‘ಎಳ್ಳೆಣ್ಣೆ ಬಿಸಿ ಮಾಡಿ ನೀವಿದ್ರೆ ಎರಡು ದಿನದಲ್ಲಿ ಹೋಗುತ್ತೆ ಕಣೇ, ಅದಕ್ಕೆ ಇಷ್ಟೊಂದು ಡಾಕ್ಟ್ರಾ?’ ಅಂತ. ಬಂದ ದಿನವೇ ದೃಷ್ಟಿ ತೆಗೆದಳು. ತೆಗೆಯಲಿ, ಅದರಿಂದ ಮೂಳೆಗೇನೂ ಆಗಲ್ಲ. ಆದರೆ ನೀವಿಸುವುದಕ್ಕೂ, ಮೂಳೆ ಕಟ್ಟುವವರ ಹತ್ತಿರ ಕರೆದುಕೊಂಡು ಹೋಗುವುದಕ್ಕೂ ನಾನು ಒಪ್ಪಲಿಲ್ಲ. ಕೂಡಿಕೊಳ್ಳುತ್ತಿರುವ ಜಾಗವನ್ನು ಒತ್ತಿ ತಿಕ್ಕುವ ಧೈರ್ಯ ನನಗಿಲ್ಲ.

ಬೀದಿಯಲ್ಲಿ ಅಣ್ಣತಮ್ಮಂದಿರ ಕ್ರಿಕೆಟ್. ‘ಬೌಲಿಂಗ್‌ನಲ್ಲಿ ಕೈ ನೇರ ಇರುತ್ತಲ್ಲ, ಮಾಡಬಹುದಾ?’ ಅಂತ ಮಗ ಡಾಕ್ಟರಿಗೆ ನನ್ನ ಕೈಯಲ್ಲಿ ಮೆಸೇಜ್ ಹಾಕಿಸಿದ. ಬೇಡ ಅಂತ ಉತ್ತರ ಬಂತು. ಕೊನೆಗೆ ಅಂಪೈರ್ ಆದ. ಬೇಸರದಿಂದ ಕೂತಿದ್ದವನಿಗೆ ನಮ್ಮ ಚಿಕ್ಕಪ್ಪ ಜಾವಗಲ್ ಶ್ರೀನಾಥ್ ಕಥೆ ಹೇಳಿದರು. ಜಾವಗಲ್ ನಮ್ಮ ಜಿಲ್ಲೆಯದೇ ಊರು ನೋಡಿ, ಚಿಕ್ಕಪ್ಪನಿಗೆ ಅದೊಂದು ಹೆಮ್ಮೆ. 1997ರಲ್ಲಿ ಶ್ರೀನಾಥ್‌ಗೆ ಭುಜದ ಗಾಯವಾಗಿ ವೆಸ್ಟ್ ಇಂಡೀಸ್ ಪ್ರವಾಸವೇ ತಪ್ಪಿತು. ವಾಪಸ್ ಬಂದು 2003ರ ವಿಶ್ವಕಪ್ ಫೈನಲ್‌ವರೆಗೂ ಆಡಿದರು. ‘ಅವ್ರೂ ಸುಮ್ನೆ ಕೂತಿದ್ರು ಕಣೋ’ ಅಂದರು ಚಿಕ್ಕಪ್ಪ. ನಾನು ಎರಡು ತಿಂಗಳು ಹೇಳಿದ್ದು ನಾಟಿರಲಿಲ್ಲ, ಇದು ನಾಟಿತು.

ಬರುವಾಗ ಅಮ್ಮನ ಮನೆಯಿಂದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತಂದೆ. ಅಮ್ಮ ಅದರ ಚೌಕಗಳಲ್ಲಿ ಹಾಲಿನ ಲೆಕ್ಕ ಬರೆಯುತ್ತಾಳೆ: ಅರ್ಧ ಲೀಟರ್, ಒಂದು, ‘ಇಲ್ಲ’. ತಿಂಗಳ ಕೊನೆಗೆ ಹಾಲಿನವನ ಜತೆ ಜಗಳವೇ ಇಲ್ಲ. ನನಗೆ ಬೇಕಿದ್ದದ್ದೂ ಅದೇ. ಫ್ರಿಜ್ ಪಕ್ಕ ನೇತುಹಾಕಿದೆ. ಆಪ್ ಬೇಕಿಲ್ಲ. ಯಾವ ತಂಡವಾದರೂ, ಯಾವ ಮೈದಾನವಾದರೂ, ಪ್ರಾಕ್ಟೀಸ್ ಆದರೂ, ಆ ದಿನದ ಅಂಕಿ ಆ ಚೌಕದಲ್ಲಿ.

ಜನವರಿಯಲ್ಲಿ ಮತ್ತೆ ಎಕ್ಸ್‌ರೇ. ಒತ್ತಿದರೆ ನೋವಿಲ್ಲ, ಕೈ ಪೂರ್ತಿ ಚಾಚುತ್ತದೆ. ಎಸೆಯಲು ಅನುಮತಿ ಸಿಕ್ಕಿತು. ಆದರೆ 30 ಅಡಿಯಿಂದ, ಒಂದು ದಿನ ಬಿಟ್ಟು ಒಂದು ದಿನ, 25 ಥ್ರೋ, ಸ್ವಲ್ಪ ವಿರಾಮ, ಮತ್ತೆ 25. ಎರಡು ಸಲ ನೋವಿಲ್ಲದೆ ಮುಗಿದರೆ 45 ಅಡಿ, ಆಮೇಲೆ 60, 75, 90. ನೋವು ಬಂದರೆ ಒಂದು ಮೆಟ್ಟಿಲು ಹಿಂದಕ್ಕೆ. ‘ಅರ್ಧ ಜೋರಲ್ಲಿ ಎಸಿ’ ಅಂತ ಫಿಸಿಯೋ ಹೇಳಿ, ತಾವೇ ವೇಗ ಅಳೆಯುವ ರೇಡಾರ್ ಗನ್ ಹಿಡಿದು ನಿಂತರು. ಅರ್ಧ ಜೋರು ಅಂದುಕೊಂಡು ಎಸೆಯುವವರ ಬಾಲು ನಿಜವಾಗಿ ನೂರಕ್ಕೆ 85ರಷ್ಟು ವೇಗದಲ್ಲಿ ಹೋಗುತ್ತದಂತೆ. ನಮ್ಮವನದ್ದೂ ಹಾಗೇ. ಜೋರು ಎಷ್ಟಿದೆ ಅಂತ ಮೆರೆಯಲು ಎಲ್ಲರೂ ತರುವ ಯಂತ್ರವನ್ನು ಜೋರು ತಗ್ಗಿಸಲು ಬಳಸಿದ್ದು ನಾನು ನೋಡಿದ್ದು ಅಲ್ಲೇ ಮೊದಲು.

ಫೆಬ್ರವರಿಯಲ್ಲಿ 60 ಅಡಿಗೆ ಬಂದಾಗ ಎಡವಟ್ಟಾಯಿತು. ಗೆಳೆಯ ಬಂದಿದ್ದ, ಇವನು ಹೇಳಿದ್ದಕ್ಕಿಂತ ಜಾಸ್ತಿ ಎಸೆದ. ಮಾರನೇ ದಿನ ಅದೇ ಜಾಗದಲ್ಲಿ ಸಣ್ಣಗೆ ಚುಳುಕು. ಈ ಸಲ ಅವನೇ ಬಂದು ಹೇಳಿದ. ನಾನು ಬೈಯಲಿಲ್ಲ, ಬೈದರೆ ಮುಂದಿನ ಸಲ ಹೇಳಲ್ಲ. ನಾಲ್ಕು ದಿನ ಬಿಟ್ಟು 45 ಅಡಿಗೆ ವಾಪಸ್. ಒಟ್ಟು ಹತ್ತು ದಿನ ಹೋಯಿತು. ಹತ್ತು ದಿನ ತಾನೆ.

ಮೌಂಡ್ ಹತ್ತುವ ಮೊದಲು ವೇಗದ ಕ್ಯಾಮೆರಾ ಇರುವ ಕಡೆ ಒಂದು ವಿಶ್ಲೇಷಣೆ ಮಾಡಿಸಿದೆವು. 275 ಡಾಲರ್, ಇನ್ಶೂರೆನ್ಸ್ ಕೊಡಲ್ಲ. ಹೆಜ್ಜೆ 49 ಇಂಚಿಗೆ ಬಂದಿತ್ತು. ಕಾಲು ತಾಗುವಾಗ ಕೈ ಮೇಲೆ ಬಂದಿತ್ತು. ಎದೆ ಇನ್ನೂ ಚೂರು ಬೇಗ ತೆರೆಯುತ್ತದೆ. ನಿಜ ಹೇಳಬೇಕೆಂದರೆ ಮಕ್ಕಳ ಫಿಸಿಯೋ ಒಳ್ಳೆಯವರು ಸಿಕ್ಕರೆ ಈ ಖರ್ಚು ಬೇಕಿಲ್ಲ, ನಮಗೂ ಫೋನ್ ವಿಡಿಯೋದಲ್ಲೇ ಮುಕ್ಕಾಲು ಪಾಲು ಗೊತ್ತಾಗಿತ್ತು. ನನ್ನ ಭಯಕ್ಕೆ ನಾನು ಕೊಟ್ಟ ದುಡ್ಡು ಅದು.

ಖರ್ಚು ಕೇಳುವವರಿಗೆ: ಮಕ್ಕಳ ಡಾಕ್ಟರಿಗೆ 30, ಮೂಳೆ ಡಾಕ್ಟರಿಗೆ ನಾಲ್ಕು ಸಲಕ್ಕೆ 240, ಎಕ್ಸ್‌ರೇಗಳಿಗೆ 110, ಎಂಆರ್‌ಐ 475, ಫಿಸಿಯೋ 16 ಸಲಕ್ಕೆ 720, ವಿಶ್ಲೇಷಣೆ 275. ಒಟ್ಟು 1,850 ಡಾಲರ್. ಮುಳುಗಿದ ತಂಡದ ಫೀಸು ಸೇರಿಸಿದರೆ 3,250. ಫಿಸಿಯೋಗೆ ವರ್ಷಕ್ಕೆ ಇಷ್ಟೇ ಸಲ ಅಂತ ಮಿತಿ ಇರುತ್ತದೆ, ಶುರುವಿನಲ್ಲೇ ಕೇಳಿಕೊಳ್ಳಿ. ನಮ್ಮದು ವರ್ಷ ಬದಲಾದ್ದರಿಂದ ಬಚಾವಾಯಿತು. ಆದರೆ ಅದೇ ಕಾರಣಕ್ಕೆ ಡಿಡಕ್ಟಿಬಲ್ ಮತ್ತೆ ಸೊನ್ನೆಯಿಂದ ಶುರುವಾಯಿತು.

ಏಪ್ರಿಲ್‌ನಲ್ಲಿ ಆ ಒಂದು ಹಾಳೆ ಬಂತು. ಈಗ ಒಂದೇ ತಂಡ. ಕ್ಯಾಚರ್ ಆಗುವುದಿಲ್ಲ. ಹದಿಮೂರು ತುಂಬಿದ್ದರಿಂದ ಮೌಂಡ್ 54 ಅಡಿ ದೂರಕ್ಕೆ ಹೋಗಿದೆ. ಮಿತಿ ಪುಸ್ತಕದಲ್ಲಿ 95 ಪಿಚ್ ಅಂತ ಇದ್ದರೂ ನಮಗೆ ಮೊದಲ ತಿಂಗಳು 20. ಕೋಚ್‌ಗೆ ಡಾಕ್ಟರ ಪತ್ರದ ಜತೆ ಇದನ್ನೂ ಬರೆದು ಕೊಟ್ಟೆ. ಇಷ್ಟೆಲ್ಲಾ ಯಾಕೆ ಅನ್ನುವ ಹಾಗೆ ನೋಡಿದರು. ನೋಡಲಿ.

ಮೊನ್ನೆ ಶನಿವಾರ ಆಟ. ನಾಲ್ಕನೇ ಇನಿಂಗ್ಸ್‌ಗೆ ಮೌಂಡ್ ಹತ್ತಿದ. ನಾನು ಕಿತ್ತಳೆ ಬುಟ್ಟಿ ಪಕ್ಕಕ್ಕಿಟ್ಟು ಬೆರಳು ಮಡಚಿ ಎಣಿಸುತ್ತಿದ್ದೆ. ಮೊದಲ ಪಿಚ್‌ಗೆ ನಮ್ಮನೆಯವರು ಕಣ್ಣು ಮುಚ್ಚಿಕೊಂಡರು. ಇಬ್ಬರು ಔಟಾದರು, ಒಬ್ಬ ಹೊಡೆದು ಬೇಸ್ ಸೇರಿದ. 18ನೇ ಪಿಚ್ ಆದ ಮೇಲೆ ಮಗ ತಾನಾಗೇ ಕೋಚ್ ಕಡೆ ಕೈ ಎತ್ತಿದ. ನನ್ನ ಜೀವ ಬಾಯಿಗೆ ಬಂತು. ಕೋಚ್ ಹೋಗಿ ಮಾತಾಡಿಸಿ, ಬಾಲ್ ತಗೊಂಡು, ಇವನನ್ನು ಫಸ್ಟ್ ಬೇಸ್ ಹತ್ತಿರ ಫೀಲ್ಡಿಂಗ್‌ಗೆ ಕಳಿಸಿದರು.

ಕಾರಿನಲ್ಲಿ ಕೇಳಿದೆ, ‘ನೋವಾಯ್ತಾ?’

‘ಇಲ್ಲಮ್ಮಾ, ಸುಸ್ತಾಯ್ತು.’

ಮನೆಗೆ ಬಂದು ಶನಿವಾರದ ಚೌಕದಲ್ಲಿ 18 ಅಂತ ಬರೆದೆ. ಭಾನುವಾರದ್ದರಲ್ಲಿ, ಅಮ್ಮ ಬರೆಯುವ ಹಾಗೇ, ‘ಇಲ್ಲ’.